ಬಸ್ಸಿದೆ, ಹತ್ತುವ ಜಾಗವೆಲ್ಲಿ? ಮಾಣಿ ಕವಲಿನ ಪ್ರಯಾಣಿಕರ ಮುಂದಿರುವ ಪ್ರಶ್ನೆ

ಮಾಣಿ: ಮಂಗಳೂರಿನಿಂದ ಹೊರಟ ಬಸ್ಸು ಬಿ.ಸಿ.ರೋಡ್, ಮೆಲ್ಕಾರ್, ಕಲ್ಲಡ್ಕ ದಾಟಿ ಮಾಣಿಗೆ ಬಂದೊಡನೆ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬುಡೋಳಿ, ಪೆರ್ನೆ, ಉಪ್ಪಿನಂಗಡಿಯ ಮೂಲಕ ಶಿರಾಡಿ ಘಾಟಿ ಏರಿ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಇನ್ನೊಂದು ನೇರಳಕಟ್ಟೆ, ಕಬಕ, ಪುತ್ತೂರು, ಸುಳ್ಯ, ಮಡಿಕೇರಿ ಮಾರ್ಗವಾಗಿ ಮೈಸೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275. ಹಳಬರ ಬಾಯಲ್ಲಿ ಮೊದಲನೆಯದು ಇಂದಿಗೂ 'ಎನ್.ಎಚ್. 48', ಎರಡನೆಯದು 'ಮಾಣಿ-ಮೈಸೂರು ರಸ್ತೆ'. ಪೇಟೆ ಚಿಕ್ಕದಾದರೂ ಕವಲು ದೊಡ್ಡದು. ಪೆರಾಜೆ, ಅನಂತಾಡಿ, ಬರಿಮಾರು, ಕಡೇಶಿವಾಲಯ, ನೆಟ್ಲಮುಡ್ನೂರು ಮುಂತಾದ ಸುತ್ತಲ ಗ್ರಾಮಗಳ ಜನರು ಶಾಲೆ, ಕಾಲೇಜು, ಆಸ್ಪತ್ರೆ, ಕಚೇರಿ, ಸಂತೆ ಎಂದು ಹೊರಟಾಗ ಮೊದಲು ಬಂದು ನಿಲ್ಲುವುದು ಇಂತಹ ಹೆದ್ದಾರಿ ಬದಿಯಲ್ಲಿಯೇ.

ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಯಾಣಿಕರ ಬದುಕಿನಲ್ಲಿ ಎರಡು ದೊಡ್ಡ ಬದಲಾವಣೆಗಳು ಘಟಿಸಿವೆ. 2023ರ ಜೂನ್ 11ರಂದು ರಾಜ್ಯ ಸರಕಾರದ 'ಶಕ್ತಿ' ಯೋಜನೆ ಜಾರಿಗೆ ಬಂದು ಸರಕಾರಿ ಬಸ್ಸುಗಳ ಸಾಮಾನ್ಯ ಮತ್ತು ವೇಗದೂತ ಸೇವೆಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹೊರೆ ಇಲ್ಲವಾಯಿತು. ಮತ್ತೊಂದೆಡೆ ಬಿ.ಸಿ.ರೋಡ್-ಅಡ್ಡಹೊಳೆ ನಡುವಿನ ಹೆದ್ದಾರಿ ಚತುಷ್ಪಥವಾಗತೊಡಗಿ ವಾಹನಗಳ ವೇಗ ಹೆಚ್ಚಿತು. ಬಸ್ಸು ಹತ್ತುವವರ ಸಂಖ್ಯೆಯೂ, ರಸ್ತೆಯ ವೇಗವೂ ಜತೆಜತೆಯಲ್ಲಿ ಏರಿದವು. ಆದರೆ ಇವೆರಡೂ ಸಂಧಿಸುವ ಜಾಗ, ಅಂದರೆ ರಸ್ತೆಯ ಅಂಚಿನಿಂದ ಬಸ್ಸಿನ ಮೊದಲ ಮೆಟ್ಟಿಲಿನವರೆಗಿನ ಹತ್ತಿಪ್ಪತ್ತು ಅಡಿಯ ನೆಲ, ಯಾರ ಯೋಜನೆಯಲ್ಲಿಯೂ ಮುಖ್ಯ ವಿಷಯವಾಗಿಲ್ಲ. ಬಸ್ ಪ್ರಯಾಣದ ಸುರಕ್ಷತೆ, ಅನುಕೂಲ, ಎಲ್ಲರಿಗೂ ಎಟುಕುವಿಕೆ ಎಂಬ ಮೂರೂ ಪ್ರಶ್ನೆಗಳು ಬಹುಮಟ್ಟಿಗೆ ಇತ್ಯರ್ಥವಾಗುವುದು ಅಲ್ಲಿಯೇ ಎಂಬುದು ಗಮನಾರ್ಹ.

ಖಾಸಗಿಯ ನಾಡಿನಲ್ಲಿ ಸರಕಾರಿ ಬಸ್ಸು

ದಕ್ಷಿಣ ಕನ್ನಡದ ಸಾರಿಗೆಯನ್ನು ರಾಜ್ಯದ ಉಳಿದ ಜಿಲ್ಲೆಗಳ ಅಳತೆಗೋಲಿನಿಂದ ಅಳೆಯಲಾಗದು. ಇಲ್ಲಿ ಬಸ್ಸು ಎಂಬುದು ಮೊದಲಿನಿಂದಲೂ ಖಾಸಗಿ ಉದ್ಯಮ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ 'ಸಿ.ಪಿ.ಸಿ.', ಸ್ಥಾಪನೆಯಾದದ್ದು 1914ರಲ್ಲಿ. ಅತ್ತ ಮೈಸೂರು ಸಂಸ್ಥಾನದಲ್ಲಿ ಸರಕಾರಿ ರಸ್ತೆ ಸಾರಿಗೆ ಇಲಾಖೆ ಆರಂಭವಾದದ್ದು 1948ರ ಸೆಪ್ಟೆಂಬರ್ 12ರಂದು. ಅದು ನಿಗಮವಾದದ್ದು 1961ರಲ್ಲಿ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಕರಾವಳಿಯಲ್ಲಿ ಸರಕಾರಿ ಬಸ್ಸು ಬೇರೂರುವ ಮುನ್ನವೇ ಖಾಸಗಿ ಬಸ್ಸುಗಳು ಊರೂರಿಗೆ ತಲುಪಿದ್ದವು. ಹಳ್ಳಿಯ ಮಣ್ಣು ರಸ್ತೆಗೂ ಬಸ್ಸು ತಂದ ಶ್ರೇಯ ಅವುಗಳಿಗೆ ಸಲ್ಲಬೇಕು.

ಈ ಹಿನ್ನೆಲೆಯಿಂದಾಗಿ 'ಶಕ್ತಿ'ಯ ಫಲ ಜಿಲ್ಲೆಯಲ್ಲಿ ಸಮನಾಗಿ ಹಂಚಿಹೋಗಲಿಲ್ಲ. ಮಾಣಿಯ ಮೂಲಕ ಪುತ್ತೂರು, ಉಪ್ಪಿನಂಗಡಿ, ಧರ್ಮಸ್ಥಳದ ಕಡೆಗೆ ಸರಕಾರಿ ಬಸ್ಸುಗಳ ಓಡಾಟ ಮೊದಲಿನಿಂದಲೂ ಚೆನ್ನಾಗಿರುವುದರಿಂದ ಈ ಭಾಗದ ಮಹಿಳೆಯರಿಗೆ ಯೋಜನೆಯ ಲಾಭ ಮೊದಲ ದಿನದಿಂದಲೇ ದೊರೆಯಿತು. ಆದರೆ ಮೂಡುಬಿದಿರೆಯವರ ಸ್ಥಿತಿ ಹಾಗಿರಲಿಲ್ಲ. ಮಂಗಳೂರು-ಮೂಡುಬಿದಿರೆ-ಕಾರ್ಕಳ ಮಾರ್ಗ ಬಹುತೇಕ ಖಾಸಗಿ ಬಸ್ಸುಗಳದ್ದೇ. ಅಲ್ಲಿ ಕೆಎಸ್ಸಾರ್ಟಿಸಿ ಬಸ್ಸುಗಳು ಸಂಚಾರ ಆರಂಭಿಸಿದ್ದು 2024ರ ಡಿಸೆಂಬರ್‌ನಲ್ಲಿ, ಅಂದರೆ ಯೋಜನೆ ಜಾರಿಯಾದ ಸುಮಾರು ಒಂದೂವರೆ ವರ್ಷದ ಬಳಿಕ. ಅದೂ ಬೆರಳೆಣಿಕೆಯ ಬಸ್ಸುಗಳು. ಸಿದ್ದಕಟ್ಟೆಯ ಮೂಲಕ ಬಂಟ್ವಾಳಕ್ಕೆ ಬಂದು ಅಲ್ಲಿಂದ ಮಾಣಿಯತ್ತ ಹೊರಡುವ ಮೂಡುಬಿದಿರೆಯ ಮಹಿಳೆ ಒಂದೇ ದಿನದ ಪ್ರಯಾಣದಲ್ಲಿ ಅರ್ಧ ದಾರಿಗೆ ಹಣ ಕೊಟ್ಟು, ಇನ್ನರ್ಧಕ್ಕೆ ಶೂನ್ಯ ದರದ ಟಿಕೆಟ್ ಪಡೆಯಬೇಕಾಗುವುದು ಇದರ ಫಲ.

ವಿದ್ಯಾರ್ಥಿಗಳ ಪಾಸಿನ ಕಥೆಯೂ ಹೀಗೆಯೇ. ಕೆಎಸ್ಸಾರ್ಟಿಸಿ ಪಾಸು ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಕೈಯಲ್ಲಿ ಪಾಸು ಹಿಡಿದ ಹುಡುಗನ ಎದುರೇ ಎರಡು ಖಾಸಗಿ ಬಸ್ಸುಗಳು ಖಾಲಿಯಾಗಿ ಹೋಗಬಹುದು. ಆತ ಮೂರನೆಯದಾಗಿ ಬರುವ ಸರಕಾರಿ ಬಸ್ಸಿನ ಮೆಟ್ಟಿಲಲ್ಲಿ ನೇತಾಡಿಕೊಂಡು ಹೋಗುತ್ತಾನೆ. ಬಸ್ಸುಗಳ ಒಟ್ಟು ಸಂಖ್ಯೆ ಸಾಕಷ್ಟಿದ್ದರೂ ನೂಕುನುಗ್ಗಲು ಏಕೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಹಿರಿಯ ನಾಗರಿಕರಿಗೆ ಶೇ. 25ರ ರಿಯಾಯಿತಿ, ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯ ರಿಯಾಯಿತಿ ಪಾಸು ಮುಂತಾದ ಸೌಲಭ್ಯಗಳೂ ನಿಗಮದ ಬಸ್ಸಿಗೆ ಮಾತ್ರ ಸೀಮಿತ.

ಆಡಳಿತದಲ್ಲಿಯೂ ಹಂಚಿಕೆ ಇದೆ. ಬಿ.ಸಿ.ರೋಡ್, ಪುತ್ತೂರು, ಧರ್ಮಸ್ಥಳ, ಸುಳ್ಯ, ಮಡಿಕೇರಿ ಘಟಕಗಳು ಕೆಎಸ್ಸಾರ್ಟಿಸಿಯ ಪುತ್ತೂರು ವಿಭಾಗಕ್ಕೆ ಸೇರಿದ್ದರೆ ಮಂಗಳೂರಿನ ಘಟಕಗಳು ಮಂಗಳೂರು ವಿಭಾಗಕ್ಕೆ ಸೇರಿವೆ. ಖಾಸಗಿ ಬಸ್ಸುಗಳ ಪರವಾನಿಗೆ ಮತ್ತು ವೇಳಾಪಟ್ಟಿಯನ್ನು ನಿರ್ಧರಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ರಸ್ತೆ ಹೆದ್ದಾರಿ ಪ್ರಾಧಿಕಾರದ್ದು. ರಸ್ತೆಯಂಚಿನ ಪೇಟೆ ಗ್ರಾಮ ಪಂಚಾಯತಿನದ್ದು. ಒಂದು ಬಸ್ ತಂಗುದಾಣಕ್ಕೆ ಇಷ್ಟು ಮಂದಿ ಯಜಮಾನರು!

ಹೆದ್ದಾರಿ ದಾಟುವ ಲೆಕ್ಕ

ಬಿ.ಸಿ.ರೋಡ್-ಅಡ್ಡಹೊಳೆ ಚತುಷ್ಪಥ ಕಾಮಗಾರಿ 2017ರಲ್ಲಿ ಆರಂಭಗೊಂಡು, ಮೊದಲ ಗುತ್ತಿಗೆದಾರ ಸಂಸ್ಥೆ ಹಿಂದೆ ಸರಿದ ಕಾರಣ ನಡುವಿನಲ್ಲಿ ಸ್ಥಗಿತವಾಗಿ, ಬಳಿಕ ಪೆರಿಯಶಾಂತಿಯನ್ನು ಗಡಿಯಾಗಿಟ್ಟು ಎರಡು ಭಾಗಗಳಾಗಿ ಮತ್ತೆ ಕೈಗೆತ್ತಿಕೊಳ್ಳಲ್ಪಟ್ಟಿತು. ಕಲ್ಲಡ್ಕದ ಸುಮಾರು 2.1 ಕಿ.ಮೀ. ಉದ್ದದ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದುವರೆಗೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು ನುಂಗಿದ ಕಲ್ಲಡ್ಕದ ವರ್ತಕರೂ ಪ್ರಯಾಣಿಕರೂ ನಿಟ್ಟುಸಿರು ಬಿಟ್ಟದ್ದು ಸಹಜ. ಕಾರಿನಲ್ಲಿ ಹೋಗುವವರಿಗೆ ಇದು ನಿಸ್ಸಂಶಯವಾಗಿ ವರದಾನ. ಬಸ್ಸಿಗೆ ಕಾಯುವವರ ಮಟ್ಟಿಗೆ ಲೆಕ್ಕ ಸ್ವಲ್ಪ ಬೇರೆ.

ಚತುಷ್ಪಥದ ಒಂದು ಬದಿಯ ಎರಡು ಪಥಗಳ ಅಗಲ 7 ಮೀಟರ್. ಸಾಮಾನ್ಯ ಆರೋಗ್ಯವಂತ ವ್ಯಕ್ತಿ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆಂದು ಇಟ್ಟುಕೊಂಡರೆ ಆ 7 ಮೀಟರ್ ದಾಟಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ವೇಗದ ವಾಹನ ಅಷ್ಟು ಹೊತ್ತಿನಲ್ಲಿ 130 ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ಮಂಡಿನೋವಿನ ವೃದ್ಧೆಯೊಬ್ಬರು ಸೆಕೆಂಡಿಗೆ 0.8 ಮೀಟರ್ ನಡೆದರೆ ಬೇಕಾಗುವುದು ಸುಮಾರು 9 ಸೆಕೆಂಡು. ವಾಹನ ಬರುವುದು ಸುಮಾರು 200 ಮೀಟರ್. ಅಂದರೆ ಆಕೆ ರಸ್ತೆಗೆ ಕಾಲಿಡುವ ಮುನ್ನ 200 ಮೀಟರ್ ದೂರದಲ್ಲಿರುವ ವಾಹನವನ್ನು ಕಂಡು, ಅದರ ವೇಗವನ್ನು ಅಂದಾಜಿಸಬೇಕು. ರಸ್ತೆಯಂಚಿನ ಡಾಮರು, ವಿಭಜಕ, ಮತ್ತೊಂದು ಬದಿಯ 7 ಮೀಟರ್ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಹಿಡಿದು, ಎರಚುವ ಮಳೆಯಲ್ಲಿ ಈ ಅಂದಾಜು ಹೇಗೆ ಸಾಧ್ಯ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಿದು.

ಹೋಗುವಾಗ ರಸ್ತೆಯ ಈ ಬದಿ ಹತ್ತಿದವರು ಬರುವಾಗ ಆ ಬದಿ ಇಳಿಯಲೇಬೇಕು. ಆದ್ದರಿಂದ ಬಸ್ಸಿನ ಪ್ರಯಾಣಿಕ ದಿನಕ್ಕೆ ಕನಿಷ್ಠ ಒಂದು ಬಾರಿ ಹೆದ್ದಾರಿ ದಾಟುವ ಪಾದಚಾರಿಯೂ ಆಗಿರುತ್ತಾನೆ. ಬಸ್ಸಿನೊಳಗೆ ಎಷ್ಟೇ ಸುರಕ್ಷತೆ ಅಳವಡಿಸಿದರೂ ಈ ದಾಟುವಿಕೆಯನ್ನು ಬಿಟ್ಟರೆ ಕೆಲಸ ಅರ್ಧವಾದಂತೆ. ಅಂಡರ್‌ಪಾಸ್ ಇರುವಲ್ಲಿ ನಿಲುಗಡೆಯನ್ನು ಅದರ ಬಾಯಿಗೇ ತಂದು ನಿಲ್ಲಿಸಬೇಕೆಂಬುದು ಇದರಿಂದ ಹೊರಡುವ ಮೊದಲ ಪಾಠ. ನಿಲುಗಡೆ ಒಂದೆಡೆ, ಅಂಡರ್‌ಪಾಸ್ ಅರ್ಧ ಕಿಲೋಮೀಟರ್ ಆಚೆ ಎಂದಾದರೆ ಜನ ವಿಭಜಕವನ್ನೇ ಹಾರುತ್ತಾರೆ. ಅದನ್ನು ಜನರ ಅಶಿಸ್ತು ಎಂದು ಬೈದು ಪ್ರಯೋಜನವಿಲ್ಲ. ಬೆನ್ನಿಗೆ ಚೀಲ, ಕೈಯಲ್ಲಿ ಮಗು ಇರುವವರು ಹತ್ತಿರದ ದಾರಿ ಹಿಡಿಯುವುದು ಮನುಷ್ಯ ಸ್ವಭಾವ.

ಮೇಲ್ಸೇತುವೆಗಳು ಇನ್ನೊಂದು ಸಮಸ್ಯೆಯನ್ನು ತಂದೊಡ್ಡುತ್ತವೆ. ಸೇತುವೆ ಏರಿದ ಬಸ್ಸಿಗೆ ಕೆಳಗಿನ ಪೇಟೆ ಸಿಗುವುದಿಲ್ಲ. ಸರ್ವೀಸ್ ರಸ್ತೆಗೆ ಇಳಿದರೆ ಚಾಲಕನಿಗೆ ಕೆಲವು ನಿಮಿಷ ನಷ್ಟ. ಇಳಿಯದಿದ್ದರೆ ಪ್ರಯಾಣಿಕ ಸೇತುವೆಯ ತುದಿಯಲ್ಲಿ ಇಳಿದು ಹೆದ್ದಾರಿಯಂಚಿನಲ್ಲಿ ನಡೆಯಬೇಕು. ಯಾವ ಬಸ್ಸು ಕೆಳಗಿನಿಂದ, ಯಾವುದು ಮೇಲಿನಿಂದ ಎಂಬುದನ್ನು ನಿರ್ವಾಹಕನ ಮರ್ಜಿಗೆ ಬಿಡದೆ ಪರವಾನಿಗೆಯ ಷರತ್ತಿನಲ್ಲಿಯೇ ಬರೆಯಬಹುದು. 1988ರ ಮೋಟಾರು ವಾಹನ ಕಾಯಿದೆಯ 72ನೇ ಸೆಕ್ಷನ್ ಪರ್ಮಿಟ್ಟಿಗೆ ಷರತ್ತು ವಿಧಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ನೀಡಿದೆ. ಸರಕಾರಿ ಬಸ್ಸಿಗೆ ಇದೇ ಕೆಲಸವನ್ನು ವಿಭಾಗೀಯ ನಿಯಂತ್ರಣಾಧಿಕಾರಿಯ ಒಂದು ಸುತ್ತೋಲೆ ಮಾಡಬಲ್ಲದು. ಇದಕ್ಕೆ ಕಾಂಕ್ರೀಟೂ ಬೇಡ, ಅನುದಾನವೂ ಬೇಡ.

ಕವಲಿನ ಇಕ್ಕಟ್ಟು

ಮಾಣಿಯಂತಹ ಕವಲಿನಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. ಗ್ರಾಮೀಣ ಹೆದ್ದಾರಿಗಳ ಬಸ್ ನಿಲುಗಡೆ ಹೇಗಿರಬೇಕೆಂಬ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1981ರಲ್ಲಿಯೇ ಮಾದರಿ ವಿನ್ಯಾಸಗಳನ್ನು ಪ್ರಕಟಿಸಿದೆ. ಬಸ್ಸು ಮುಖ್ಯ ಪಥದಿಂದ ಹೊರಗೆ ಸರಿದು ನಿಲ್ಲುವಂತೆ ಬಸ್ ಬೇ ಇರಬೇಕು, ನಿಲುಗಡೆ ಜಂಕ್ಷನ್‌ನಿಂದ ಸಾಕಷ್ಟು ದೂರದಲ್ಲಿರಬೇಕು ಎಂಬುದು ಅದರ ತಿರುಳು. ತಿರುವಿನ ಬಾಯಲ್ಲೇ ಬಸ್ಸು ನಿಂತರೆ ಹಿಂದಿನ ವಾಹನಕ್ಕೆ ಮುಂದಿನದು ಕಾಣದು, ಪಥ ಬದಲಿಸುವವರಿಗೂ ಜಾಗವಿರದು. ತರ್ಕ ಸರಿಯಾಗಿಯೇ ಇದೆ.

ಆದರೆ ಕವಲಿನಲ್ಲಿ ಜನ ಇಳಿಯುವುದೇ ಬಸ್ಸು ಬದಲಿಸುವುದಕ್ಕೆ. ಪುತ್ತೂರಿನಿಂದ ಬಂದವರು ಉಪ್ಪಿನಂಗಡಿ ಕಡೆಗೆ, ಉಪ್ಪಿನಂಗಡಿಯಿಂದ ಬಂದವರು ಪುತ್ತೂರು ಕಡೆಗೆ ಹೋಗಲು ಇಲ್ಲಿ ಇಳಿದು ಇನ್ನೊಂದು ರಸ್ತೆಯ ಬದಿಗೆ ಧಾವಿಸಬೇಕು. ಸುರಕ್ಷತೆಯ ನಿಯಮದಂತೆ ಪ್ರತಿಯೊಂದು ರಸ್ತೆಯ ನಿಲುಗಡೆಯನ್ನೂ ಜಂಕ್ಷನ್‌ನಿಂದ ದೂರ ಒಯ್ದರೆ ಎರಡು ನಿಲುಗಡೆಗಳ ನಡುವಿನ ನಡಿಗೆ ಇಮ್ಮಡಿಯಾಗುತ್ತದೆ. ಬಸ್ಸು ತಪ್ಪುತ್ತದೆಂಬ ಆತುರದಲ್ಲಿ ಓಡುವವರು ಹೆಚ್ಚುತ್ತಾರೆ. ಒಂದು ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಆಹ್ವಾನಿಸಿದಂತೆ. ನಿಯಮ ಪುಸ್ತಕವನ್ನು ಅಕ್ಷರಶಃ ಪಾಲಿಸಿದರೂ ಸಾಲದು, ಗಾಳಿಗೆ ತೂರಿದರೂ ಆಗದು ಎಂಬ ಸ್ಥಿತಿ.

ಇದಕ್ಕೆ ಮಾರ್ಗ ಒಂದೇ. ಎರಡೂ ಹೆದ್ದಾರಿಗಳ ಬಸ್ಸುಗಳು ಮುಖ್ಯ ಪಥದಿಂದ ಹೊರಬಂದು ಒಂದೇ ಅಂಗಳದಲ್ಲಿ ನಿಲ್ಲಬೇಕು. ದೊಡ್ಡ ಬಸ್ ನಿಲ್ದಾಣ ಬೇಕೆಂದಲ್ಲ. ನಾಲ್ಕು ಬಸ್ಸುಗಳು ಏಕಕಾಲಕ್ಕೆ ನಿಲ್ಲುವ ಸಮತಟ್ಟು ಜಾಗ, ಒಂದು ಮಾಡು, ಎರಡು ದೀಪ, ನೀರು, ಶೌಚಾಲಯ. ಸರ್ವೀಸ್ ರಸ್ತೆಗೆ ತಾಗಿಕೊಂಡು ಸರಕಾರಿ ಜಾಗ ಎಲ್ಲಿದೆ ಎಂಬುದನ್ನು ಕಂದಾಯ ಇಲಾಖೆಯ ನಕ್ಷೆ ಹೇಳಬಲ್ಲದು. ಬಸ್ಸುಗಳ ನಿಲುಗಡೆ ಸ್ಥಳವನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಲು ಅದೇ ಕಾಯಿದೆಯ 117ನೇ ಸೆಕ್ಷನ್ ಅವಕಾಶ ನೀಡುತ್ತದೆ. ಹೆದ್ದಾರಿ ಕಾಮಗಾರಿ ಪೂರ್ತಿಯಾಗಿ, ಅಂಗಡಿ ಮುಂಗಟ್ಟುಗಳು ಮತ್ತೆ ರಸ್ತೆಯಂಚಿಗೆ ಬಂದು ಕೂತ ಮೇಲೆ ಇಂತಹ ಜಾಗ ಹುಡುಕುವುದು ಕಷ್ಟ ಎಂಬುದಕ್ಕೆ ಬಿ.ಸಿ.ರೋಡ್‌ಗಿಂತ ದೂರದ ಉದಾಹರಣೆ ಬೇಕಿಲ್ಲ.

ಈ ಹೆದ್ದಾರಿಯ ಸ್ವಭಾವವನ್ನೂ ಮರೆಯಬಾರದು. ಮಂಗಳೂರು ಬಂದರಿನಿಂದ ಹೊರಡುವ ಸರಕು ಲಾರಿಗಳೂ, ಅಡುಗೆ ಅನಿಲದ ಟ್ಯಾಂಕರುಗಳೂ ಇದೇ ದಾರಿಯಲ್ಲಿ ಸಾಗುತ್ತವೆ. 2013ರ ಏಪ್ರಿಲ್ 9ರಂದು ಮಾಣಿಗೆ ಸಮೀಪದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಸಂಭವಿಸಿದ ಅಗ್ನಿ ದುರಂತ ಈ ಭಾಗದ ಜನರ ಮನಸ್ಸಿನಿಂದ ಮಾಸಿಲ್ಲ. ಅಂತಹ ವಾಹನಗಳು ಓಡುವ ಪಥದ ಅಂಚಿನಲ್ಲಿಯೇ ಶಾಲಾ ಮಕ್ಕಳು ಬಸ್ಸಿಗೆ ಕಾಯಬೇಕೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಒಂದು ಮೆಟ್ಟಿಲಿನ ಎತ್ತರ

ಮನೆಯ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 17 ಸೆಂ.ಮೀ. ಎತ್ತರವಿರುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಅದರ ಎರಡು ಪಟ್ಟಿಗಿಂತಲೂ ಎತ್ತರ. ರಸ್ತೆಯಂಚು ಕುಸಿದಿದ್ದರೆ, ಬಸ್ಸು ಡಾಮರಿನ ಮೇಲೆಯೇ ನಿಂತು ಪ್ರಯಾಣಿಕ ತಗ್ಗಿನಲ್ಲಿ ನಿಂತಿದ್ದರೆ ಅದು ಇನ್ನೂ ಹೆಚ್ಚು. ಸೀರೆ ಉಟ್ಟ ಮಹಿಳೆ, ಗರ್ಭಿಣಿ, ಊರುಗೋಲಿನವರು, ಹಾಲಿನ ಕ್ಯಾನು ಹಿಡಿದವರು, ಎಲ್ಲರೂ ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕು. ಅಷ್ಟರಲ್ಲಿ 'ರೈಟ್' ಎಂಬ ಸದ್ದು. ಬಸ್ಸು ಚಲಿಸಿದರೆ ಜಾರುವುದು ಇಲ್ಲಿಯೇ.

ಈ ಎತ್ತರಕ್ಕೆ ಕಾರಣ ಸರಳ. ನಮ್ಮಲ್ಲಿನ ಬಹುಪಾಲು ಬಸ್ಸುಗಳನ್ನು ಕಟ್ಟಿರುವುದು ಲಾರಿಯ ಮಾದರಿಯ ಚಾಸಿಸ್ ಮೇಲೆ. ಎಂಜಿನ್ ಮುಂದೆ, ಅಚ್ಚು ಕೆಳಗೆ, ಅದರ ಮೇಲೆ ನೆಲ. ಕೇಂದ್ರ ಸರಕಾರ 2008ರಲ್ಲಿ ನಗರ ಬಸ್ಸುಗಳಿಗೆ ಹೊರಡಿಸಿದ ಮಾನದಂಡದಲ್ಲಿ 400 ಮಿ.ಮೀ. ನೆಲದ 'ಲೋ ಫ್ಲೋರ್', 650 ಮಿ.ಮೀ.ನ 'ಸೆಮಿ ಲೋ ಫ್ಲೋರ್' ಎಂಬ ವರ್ಗಗಳಿವೆ. ಅಂತಹ ಬಸ್ಸುಗಳು ಬೆಂಗಳೂರು, ಮೈಸೂರಿನ ರಸ್ತೆಗಳಿಗೆ ಬಂದವು. ಉಬ್ಬುತಗ್ಗಿನ ಹಳ್ಳಿ ರಸ್ತೆಗಳಿಗೆ ಅವು ಹೊಂದುವುದಿಲ್ಲ ಎಂಬ ವಾದವನ್ನು ತಳ್ಳಿಹಾಕಲಾಗದು.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಬಸ್ಸನ್ನು ತಗ್ಗಿಸಲಾಗದಿದ್ದರೆ ನೆಲವನ್ನು ಎತ್ತರಿಸಬಹುದು. ಬ್ರೆಜಿಲ್ ದೇಶದ ಕುರಿಟಿಬ ನಗರ 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳನ್ನು ಕಟ್ಟಿ, ಅದರ ಜಗಲಿಯನ್ನು ಬಸ್ಸಿನ ನೆಲದ ಮಟ್ಟಕ್ಕೇ ತಂದು ಜಗತ್ತಿನ ಗಮನ ಸೆಳೆಯಿತು. ನಮ್ಮ ರಾಜ್ಯದ ಹುಬ್ಬಳ್ಳಿ-ಧಾರವಾಡದಲ್ಲಿ 2018ರಲ್ಲಿ ಆರಂಭವಾದ 'ಚಿಗರಿ' ಬಸ್ಸುಗಳ ನಿಲ್ದಾಣಗಳೂ ಇದೇ ತತ್ವದವು; ಮೆಟ್ಟಿಲು ಹತ್ತದೆಯೇ ಬಸ್ಸಿನೊಳಗೆ ನಡೆದು ಹೋಗಬಹುದು. ಆ ಯೋಜನೆಯ ಮೇಲೆ ಬೇರೆ ಟೀಕೆಗಳು ಹಲವು ಇವೆ. ಆದರೆ ಗಾಲಿಕುರ್ಚಿಯಲ್ಲಿ ಬಂದವರು ಇನ್ನೊಬ್ಬರ ಹೆಗಲಿಲ್ಲದೆ ಬಸ್ಸು ಹತ್ತಬಹುದೆಂಬುದನ್ನು ಅದು ಕನ್ನಡ ನಾಡಿನಲ್ಲಿಯೇ ತೋರಿಸಿಕೊಟ್ಟಿದೆ.

ಮಾಣಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ತಂಗುದಾಣದ ಎದುರು 20 ಸೆಂ.ಮೀ. ಎತ್ತರದ, ಬಸ್ಸಿನಷ್ಟೇ ಉದ್ದದ ಜಗಲಿ ಕಟ್ಟಿ, ಅದರ ಒಂದು ತುದಿಯನ್ನು ಇಳಿಜಾರು ಮಾಡಿದರೆ 40 ಸೆಂ.ಮೀ. ಎತ್ತರದ ಮೆಟ್ಟಿಲು ಅರ್ಧಕ್ಕಿಳಿಯುತ್ತದೆ. ಹಳೆಯ ಬಸ್ಸುಗಳೇ ಸಾಕು, ಹೊಸದು ಬರುವವರೆಗೆ ಕಾಯಬೇಕಿಲ್ಲ. ಆದರೆ ಇದಕ್ಕೊಂದು ಷರತ್ತು: ಚಾಲಕ ಬಸ್ಸನ್ನು ಜಗಲಿಗೆ ತಾಗಿಸಿ ನಿಲ್ಲಿಸಬೇಕು. ಎರಡು ಅಡಿ ದೂರ ನಿಲ್ಲಿಸಿದರೆ ಜಗಲಿ ಇದ್ದೂ ಇಲ್ಲದಂತೆ. ಜತೆಗೆ ನಡುವೆ ಕಾಲು ಸಿಲುಕುವ ಅಪಾಯವೂ ಇದೆ. ಜಗಲಿಯ ಎದುರು ಆಟೋ, ಬೈಕ್ ನಿಲ್ಲಿಸುವ ರೂಢಿ ತಪ್ಪದೆ ಇದು ನಡೆಯುವುದಿಲ್ಲ.

ಕಾನೂನಂತೂ ಸ್ಪಷ್ಟವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 41ನೇ ಸೆಕ್ಷನ್ ಬಸ್ ನಿಲ್ದಾಣಗಳಲ್ಲಿ ಅಂಗವಿಕಲರಿಗೆ ಸೂಕ್ತ ಸೌಲಭ್ಯ ಕಲ್ಪಿಸುವುದು ಸರಕಾರದ ಹೊಣೆ ಎನ್ನುತ್ತದೆ. ಅದಕ್ಕೂ ಮುನ್ನ, 2015ರ ಡಿಸೆಂಬರ್ 3ರಂದು 'ಸುಗಮ್ಯ ಭಾರತ' ಅಭಿಯಾನ ಆರಂಭವಾಗಿತ್ತು. ಬಸ್ಸುಗಳಲ್ಲಿ ಆದ್ಯತೆಯ ಆಸನ, ಊರುಗೋಲು ಇರಿಸುವ ವ್ಯವಸ್ಥೆ, ಹಿಡಿಕೆಗಳು ಇರಬೇಕೆಂಬ ಕೇಂದ್ರ ನಿಯಮ 2020ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಆಸನದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳು ಎಲ್ಲೆಡೆ ಕಾಣಸಿಗುತ್ತವೆ. ಆ ಆಸನದವರೆಗೆ ತಲುಪುವುದು ಹೇಗೆಂಬುದೇ ಪ್ರಶ್ನೆ.

'ದುಂಬು ಪೋಲೆ'

ಕರಾವಳಿಯಲ್ಲಿ ಬಸ್ಸು ಹತ್ತಿದ ಯಾರಿಗೂ ನಿರ್ವಾಹಕನ 'ದುಂಬು ಪೋಲೆ' ಎಂಬ ಕರೆ ಹೊಸತಲ್ಲ. ಮುಂದೆ ಹೋಗಿ ಎಂದು ಎಷ್ಟು ಬಾರಿ ಕೂಗಿದರೂ ಬಾಗಿಲ ಬಳಿಯ ಗುಂಪು ಕರಗುವುದಿಲ್ಲ, ಏಕೆಂದರೆ ಮುಂದೆ ಹೋದವರಿಗೆ ತಮ್ಮ ಊರಿನಲ್ಲಿ ಇಳಿಯಲು ಸಮಯ ಸಿಗುವ ಭರವಸೆಯಿಲ್ಲ. ಓಡುವ ವಾಹನದ ಮೆಟ್ಟಿಲಲ್ಲಿ ಜನರನ್ನು ನಿಲ್ಲಿಸಿ ಒಯ್ಯುವುದನ್ನು ಮೋಟಾರು ವಾಹನ ಕಾಯಿದೆಯ 123ನೇ ಸೆಕ್ಷನ್ ನಿಷೇಧಿಸಿದೆ. ಮೆಟ್ಟಿಲಲ್ಲಿ ನಿಂತವನೂ, ನಿಲ್ಲಲು ಬಿಟ್ಟವನೂ ತಪ್ಪಿತಸ್ಥರೇ.

ಖಾಸಗಿ ಬಸ್ಸುಗಳ ವೇಗಕ್ಕೆ 'ಟೈಮಿಂಗ್' ಮೂಲ ಕಾರಣ. ಒಂದೇ ಮಾರ್ಗದಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಬೇರೆ ಬೇರೆ ಮಾಲೀಕರ ಬಸ್ಸುಗಳಿಗೆ ಪರವಾನಿಗೆ ಇರುತ್ತದೆ. ಮುಂದಿನ ಬಸ್ಸು ತಡವಾದರೆ ಹಿಂದಿನ ಬಸ್ಸಿನ ಜನರೂ ಅದಕ್ಕೇ ಹತ್ತುತ್ತಾರೆ. ಸಂಗ್ರಹವಾದ ಹಣವೇ ಆ ದಿನದ ಲಾಭನಷ್ಟ. ಹೀಗಾಗಿ ಒಂದು ಬಸ್ಸು ನಿಧಾನಿಸಿದರೆ ಇನ್ನೊಂದು ಬೆನ್ನಟ್ಟುತ್ತದೆ, ನಿಲುಗಡೆಯಲ್ಲಿ ಪೂರ್ತಿ ನಿಲ್ಲುವ ವ್ಯವಧಾನ ಇರುವುದಿಲ್ಲ. ಚಾಲಕನನ್ನು ಮಾತ್ರ ಹೊಣೆಯಾಗಿಸಿದರೆ ಈ ಓಟ ನಿಲ್ಲದು. ವೇಳಾಪಟ್ಟಿಯಲ್ಲಿ ನಿಲುಗಡೆಗೆಂದೇ ಸಮಯ ಸೇರಿಸಿ, ಹೆದ್ದಾರಿ ಅಗಲವಾದ ಮೇಲೆ ಉಳಿಯುವ ನಿಮಿಷಗಳನ್ನು ಓಟಕ್ಕೆ ಬಿಟ್ಟುಕೊಡದೆ ಹತ್ತಿಳಿಯುವವರಿಗೆ ಹಂಚಿದರೆ ಸುರಕ್ಷತೆಗೆ ಅದಕ್ಕಿಂತ ಅಗ್ಗದ ಉಪಾಯ ಬೇರೊಂದಿಲ್ಲ. ಹಳೆಯ ಕಿರಿದಾದ ರಸ್ತೆಗೆ ಹೊಂದಿಸಿದ್ದ ವೇಳಾಪಟ್ಟಿಗಳನ್ನು ಪ್ರಾಧಿಕಾರ ಮರುಪರಿಶೀಲಿಸಲು ಇದು ಸಕಾಲ.

ಬೋರ್ಡು, ಗುಂಡಿ, ರಾತ್ರಿಯ ಇಳಿಯುವಿಕೆ

ಕವಲಿನಲ್ಲಿ ನಿಂತವರಿಗೆ ಬೇಕಾದ ಮಾಹಿತಿ ಒಂದೇ: ಬರುತ್ತಿರುವ ಬಸ್ಸು ಪುತ್ತೂರಿಗೋ, ಉಪ್ಪಿನಂಗಡಿಗೋ? ವಿಚಿತ್ರವೆಂದರೆ ನಮ್ಮ ಅನೇಕ ಬಸ್ಸುಗಳ ಹಣೆಯ ಮೇಲೆ ಬಸ್ಸಿನ ಹೆಸರು ದೊಡ್ಡದು, ಹೋಗುವ ಊರಿನ ಹೆಸರು ಚಿಕ್ಕದು. ಕಣ್ಣು ಮಂಜಾದವರು ಬಸ್ಸು ನಿಂತ ಮೇಲೆ ಓಡಿ ಹೋಗಿ ಕೇಳಬೇಕು. ಅನುಮೋದಿತ ದರಪಟ್ಟಿ, ವೇಳಾಪಟ್ಟಿಗಳನ್ನು ಬಸ್ಸಿನಲ್ಲಿಯೂ ನಿಲುಗಡೆಯಲ್ಲಿಯೂ ಪ್ರದರ್ಶಿಸಬೇಕೆಂಬ ಷರತ್ತನ್ನು ಪರ್ಮಿಟ್ಟಿಗೆ ಸೇರಿಸಲು ಕಾಯಿದೆಯಲ್ಲಿಯೇ ಅವಕಾಶವಿದೆ. ಸರಕಾರಿ ಮತ್ತು ಖಾಸಗಿ ಎಂಬ ಭೇದವಿಲ್ಲದೆ ಎರಡರ ಸಮಯವನ್ನೂ ಒಂದೇ ಫಲಕದಲ್ಲಿ ಬರೆದ ತಂಗುದಾಣ ಎಲ್ಲಿಯಾದರೂ ಇದ್ದರೆ ಅದು ಭಾಗ್ಯವಂತ ಊರೇ ಸರಿ.

ತಂತ್ರಜ್ಞಾನದ ದಾರಿಯೂ ತೆರೆದಿದೆ. ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಆಧರಿತ ಮಾಹಿತಿ ವ್ಯವಸ್ಥೆ ಬಂದದ್ದು 2012ರಲ್ಲಿ. ಅಲ್ಲಿಯೇ ಬಳಿಕ ದೃಷ್ಟಿಹೀನರಿಗಾಗಿ 'ಧ್ವನಿ ಸ್ಪಂದನ' ಎಂಬ ಉಪಕರಣ ಪರಿಚಯಿಸಲ್ಪಟ್ಟಿತು. ಕೈಯಲ್ಲಿರುವ ಗುಂಡಿ ಒತ್ತಿದರೆ ಬಸ್ಸೇ ತನ್ನ ಮಾರ್ಗವನ್ನು ಕೂಗಿ ಹೇಳುತ್ತದೆ. ಮಂಗಳೂರಿನ ಖಾಸಗಿ ನಗರ ಬಸ್ಸುಗಳಲ್ಲಿ 'ಚಲೋ' ಆ್ಯಪ್ ಬಳಕೆಗೆ ಬಂತು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಳಸೂಚಕ ಉಪಕರಣ ಮತ್ತು ತುರ್ತು ಗುಂಡಿ ಕಡ್ಡಾಯ. ಬಸ್ಸು ಎಲ್ಲಿದೆ ಎಂಬ ಮಾಹಿತಿ ಆ ಉಪಕರಣದಲ್ಲಿ ಇದ್ದೇ ಇದೆ. ಅದು ನಿಯಂತ್ರಣ ಕೊಠಡಿಯಲ್ಲೇ ಉಳಿಯದೆ ಮಾಣಿಯ ತಂಗುದಾಣದಲ್ಲಿ ಕಾಯುವವರ ಮೊಬೈಲಿಗೂ ತಲುಪಬೇಕಷ್ಟೆ. ತುರ್ತು ಗುಂಡಿಯ ವಿಷಯವಾಗಿ ಮಾತ್ರ ಒಂದು ಮಾತು: ಒತ್ತಿದ ಮೇಲೆ ಯಾರು ಎಷ್ಟು ಹೊತ್ತಿನಲ್ಲಿ ಬರುತ್ತಾರೆಂಬುದು ಗೊತ್ತಿಲ್ಲದಿದ್ದರೆ ಗುಂಡಿ ಕೇವಲ ಅಲಂಕಾರ.

ರಾತ್ರಿಯ ಪ್ರಶ್ನೆ ಬೇರೆಯೇ. ಮಂಗಳೂರಿನ ಆಸ್ಪತ್ರೆ, ಅಂಗಡಿಗಳಲ್ಲಿ ದುಡಿದು ಹಿಂದಿರುಗುವ ಮಹಿಳೆಯರಿಗೆ ನಿಲುಗಡೆಯಿಂದ ಮನೆಯವರೆಗಿನ ಕತ್ತಲ ದಾರಿಯೇ ಪ್ರಯಾಣದ ಕಠಿಣ ಭಾಗ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ರಾತ್ರಿ ವೇಳೆ ಮಹಿಳೆಯರು ಎರಡು ನಿಲುಗಡೆಗಳ ನಡುವೆ ಕೇಳಿದಲ್ಲಿ ಇಳಿಯಬಹುದೆಂಬ ಪದ್ಧತಿ 1996ರಿಂದ ಇದೆ. ನೆರೆಯ ಕೇರಳದ ಸಾರಿಗೆ ನಿಗಮವೂ ರಾತ್ರಿ ಹೊತ್ತು ಮಹಿಳೆಯರು ಕೇಳಿದಲ್ಲಿ ಬಸ್ಸು ನಿಲ್ಲಿಸುವಂತೆ ಆದೇಶ ನೀಡಿದೆ. ಕಾಸರಗೋಡಿನ ಗಡಿ ದಾಟಿದರೆ ಸಿಗುವ ಸೌಲಭ್ಯ ಗಡಿಯ ಈಚೆಗೂ ಬರಬಾರದೇಕೆ? ಚತುಷ್ಪಥದ ಮುಖ್ಯ ಪಥದಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವುದು ಅಪಾಯಕಾರಿ ಎಂಬ ಆಕ್ಷೇಪಕ್ಕೆ ತೂಕವಿದೆ. ಸರ್ವೀಸ್ ರಸ್ತೆ ಮತ್ತು ಒಳರಸ್ತೆಗಳಿಗೆ ಸೀಮಿತಗೊಳಿಸಿ ಇದನ್ನು ಆರಂಭಿಸಬಹುದು.

ರೈಲಿನ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಮಾಣಿಯ ಬಳಿಯ ನೇರಳಕಟ್ಟೆಯಲ್ಲಿ ರೈಲು ನಿಲ್ದಾಣವಿದೆ. ಮಂಗಳೂರು-ಹಾಸನ ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡು, 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಲ್ಪಟ್ಟು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕ ರೈಲು ಮರಳಿತು. ಮಂಗಳೂರು-ಕಬಕ ಪುತ್ತೂರು ಪ್ಯಾಸೆಂಜರ್ ರೈಲು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಣೆಗೊಂಡಿತು. ಕಡಿಮೆ ದರ, ನೂಕುನುಗ್ಗಲಿಲ್ಲದ ಪ್ರಯಾಣ. ಆದರೆ ರೈಲಿನ ಸಮಯಕ್ಕೆ ಹೊಂದುವ ಬಸ್ಸು ನಿಲ್ದಾಣದ ಬಾಗಿಲಿಗೆ ಬಾರದಿದ್ದರೆ ಅದನ್ನು ಬಳಸುವವರು ನಿಲ್ದಾಣದ ಪಕ್ಕದ ಮನೆಯವರು ಮಾತ್ರ.

ಯಾರನ್ನು ಕೇಳಬೇಕು?

ತಂಗುದಾಣ ಸೋರುತ್ತಿದ್ದರೆ ಪಂಚಾಯತಿಗೆ, ಬಸ್ಸು ನಿಲ್ಲಿಸದಿದ್ದರೆ ಡಿಪೋಗೆ, ಹೆದ್ದಾರಿ ದೀಪ ಉರಿಯದಿದ್ದರೆ 1033ಕ್ಕೆ, ಪ್ರಾಣಾಪಾಯವಾದರೆ 112ಕ್ಕೆ. ಈ ಮಟ್ಟಿಗೆ ದಾರಿ ಸ್ಪಷ್ಟ. ನಿಲುಗಡೆಯ ಸ್ಥಳ, ವೇಳಾಪಟ್ಟಿ, ಸರ್ವೀಸ್ ರಸ್ತೆಗೆ ಇಳಿಯುವ ಷರತ್ತು ಇವು ಮೂರೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಬರಬೇಕಾದ ವಿಷಯಗಳು. ಪ್ರಾಧಿಕಾರದ ಸಭೆಗಳಲ್ಲಿ ಬಸ್ ಮಾಲೀಕರು ಮತ್ತು ನಿಗಮದ ಪ್ರತಿನಿಧಿಗಳು ತಮ್ಮ ವಾದ ಮಂಡಿಸುತ್ತಾರೆ. ಪ್ರಯಾಣಿಕರ ಪರವಾಗಿ ಲಿಖಿತ ಅಹವಾಲು ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ, ಸಲ್ಲಿಸುವವರು ವಿರಳ.

ರಸ್ತೆಯ ವಿನ್ಯಾಸದಲ್ಲೇ ದೋಷವಿದ್ದರೆ 2019ರ ತಿದ್ದುಪಡಿಯ ಮೂಲಕ ಸೇರಿಸಲಾದ 198ಎ ಸೆಕ್ಷನ್ ನೆರವಿಗೆ ಬರುತ್ತದೆ. ನಿಗದಿತ ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಊನ ಸಂಭವಿಸಿದಲ್ಲಿ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಮೊತ್ತ ಚಿಕ್ಕದು, ಅದೂ ಅನಾಹುತ ನಡೆದ ಮೇಲಿನ ಮಾತು. ಅದಕ್ಕೂ ಮುನ್ನ ಉಪಯೋಗಕ್ಕೆ ಬರುವುದು ಮಾಹಿತಿ ಹಕ್ಕು ಕಾಯಿದೆ. ಮಾಣಿ ಜಂಕ್ಷನ್‌ನ ಅನುಮೋದಿತ ನಕ್ಷೆಯಲ್ಲಿ ಬಸ್ ಬೇ ಎಷ್ಟು, ಎಲ್ಲಿ, ಪಾದಚಾರಿ ದಾಟುವ ಜಾಗ ಯಾವುದು, ಸುರಕ್ಷತಾ ಲೆಕ್ಕಪರಿಶೋಧನೆ ನಡೆದಿದೆಯೇ ಎಂದು ಹತ್ತು ರೂಪಾಯಿ ಶುಲ್ಕದೊಂದಿಗೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಬಹುದು. ಉತ್ತರ 30 ದಿನಗಳೊಳಗೆ ಬರಬೇಕು. ಆ ನಕ್ಷೆಯನ್ನು ಗ್ರಾಮಸಭೆಯ ಮೇಜಿನ ಮೇಲೆ ಹರಡಿ, ಶಾಲೆಯ ಮುಖ್ಯಸ್ಥರು, ಆಟೋ ಚಾಲಕರು, ಅಂಗವಿಕಲರು, ದಿನನಿತ್ಯ ಬಸ್ಸು ಹತ್ತುವ ಮಹಿಳೆಯರು ತಾವು ನಿಲ್ಲುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದರೆ, ನಿರ್ಣಯದ ಪ್ರತಿಯೊಂದಿಗೆ ಅದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕಳುಹಿಸಬಹುದು.